ಸೈಲೆನ್ಸರ್ ಜಜ್ಜುವ ಮೊದಲು ಕಾರಿನ ಅಡಿಗೊಮ್ಮೆ ಬಗ್ಗಿ ನೋಡಿ

ಕೊಡಗು ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಮಡಿಕೇರಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೆ, ಹಾಗೂ ಸೈಲೆನ್ಸರ್ ಬದಲಿಸಿಕೊಂಡಿರುವ ಮತ್ತು ಬದಲಿಸಬೇಕೆಂದಿರುವ ಕಾರು ಮಾಲೀಕರಿಗೆ, ಸೈಲೆನ್ಸರ್ ಕೆಲಸದವರ ಬಹಿರಂಗ ಪತ್ರ

ಮಾನ್ಯರೇ,

ಕರ್ಕಶ ಸೈಲೆನ್ಸರುಗಳ ಮೇಲೆ ಕ್ರಮ ಎಂದರೆ ನಮ್ಮ ರಾಜ್ಯದಲ್ಲಿ ಒಂದೇ ಚಿತ್ರ ಕಣ್ಣಿಗೆ ಬರುತ್ತದೆ. ಠಾಣೆಯ ಮುಂದೆ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹಾಯಿಸುವುದು. ಫೋಟೋಗೆ ಚೆನ್ನ. ಆದರೆ ಸೈಲೆನ್ಸರ್ ಕಳಚಿಸಿಕೊಂಡ ಗಾಡಿ ಅಲ್ಲಿಂದ ಮನೆಗೆ ಹೋಗುವುದು ಬರೀ ಪೈಪಿನಲ್ಲಿ. ಹಿಡಿದಾಗ ಮಾಡುತ್ತಿದ್ದ ಸದ್ದಿಗಿಂತ ಬಿಟ್ಟಾಗ ಮಾಡುವ ಸದ್ದೇ ಹೆಚ್ಚು. ಬೈಕಿನಲ್ಲಾದರೆ ಸೈಲೆನ್ಸರ್ ಎಂಬುದು ಒಂದೇ ತುಂಡು, ಕಿತ್ತರೆ ಮುಗಿಯಿತು. ಕಾರಿನಲ್ಲಿ ಅದು ಎಂಜಿನ್ನಿನ ಬಾಯಿಂದ ಹಿಂದಿನ ಬಂಪರಿನ ತನಕ ಐದಾರು ಭಾಗಗಳ ಸರಪಳಿ. ಕಿವಿ ಕೊರೆಯುವ ಸದ್ದು ಅದರಲ್ಲಿ ಎಲ್ಲಿ ಬೇಕಾದರೂ ಹುಟ್ಟಬಹುದು. ಕಣ್ಣಿಗೆ ಕಾಣುವ ಹೊಳೆಯುವ ಡಬ್ಬಿಯಲ್ಲಿ ಹುಟ್ಟಿರಲೇಬೇಕೆಂದಿಲ್ಲ.

ಜೋರು ಸದ್ದು ಬೇರೆ, ಕೆಟ್ಟ ಸದ್ದು ಬೇರೆ. ಕೆಟ್ಟ ಸದ್ದಿಗೆ ಕಾರಣ ಎಂಜಿನ್ನಿನ ಶಕ್ತಿ ಎಂದು ಹುಡುಗರು ನಂಬಿದ್ದಾರೆ, ಅವರ ಸೊಕ್ಕು ಎಂದು ಹಿರಿಯರು ನಂಬಿದ್ದಾರೆ. ನಾವು ಕಂಡಂತೆ ಬಹುಪಾಲು ಅದು ಕೆಟ್ಟ ಕೆಲಸದ ಗುರುತು: ಅಳತೆ ತಪ್ಪಿದ ಪೈಪು, ಬಿಟ್ಟುಹೋದ ಒಂದು ಡಬ್ಬಿ, ಸುಟ್ಟ ಪ್ಯಾಕಿಂಗು (ಸದ್ದು ಹೀರುವ ನಾರು), ಸೀಳಿದ ಗ್ಯಾಸ್ಕೆಟ್ಟು (ಜೋಡಣೆಯ ಸಂದು ಮುಚ್ಚುವ ಪಟ್ಟಿ). ಕಾರಣ ಗೊತ್ತಾದರೆ ಅದನ್ನು ಸರಿಪಡಿಸಬಹುದು. ತಪಾಸಣೆಯೂ ಕಾರಣವನ್ನು ಹುಡುಕುವಂತಿರಲಿ ಎಂಬುದು ನಮ್ಮ ಕೋರಿಕೆ.

ಮೊದಲು ಕಂಪನಿಯ ಸರಪಳಿ ನೋಡೋಣ. ಸುಟ್ಟ ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆಯುವ ಗಳಿಗೆಯಲ್ಲಿ ಸಿಲಿಂಡರಿನೊಳಗೆ ಇನ್ನೂ ಒತ್ತಡ ಉಳಿದಿರುತ್ತದೆ; ಆ ಹೊಗೆ ಒಮ್ಮೆಲೇ ಹೊರಗೆ ನುಗ್ಗುವುದೇ ಸದ್ದಿನ ಮೂಲ. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇಂಥ ಹೊಡೆತ ಸೆಕೆಂಡಿಗೆ 100, ಮೂರು ಸಿಲಿಂಡರಿನದಾದರೆ 75. ಮ್ಯಾನಿಫೋಲ್ಡ್ ಇವುಗಳನ್ನು ಒಂದು ಪೈಪಿಗೆ ಕೂಡಿಸುತ್ತದೆ. ಮುಂದಿನದು ಕ್ಯಾಟಲಿಟಿಕ್ ಕನ್ವರ್ಟರ್. ಅದರ ಜೇನುಗೂಡಿನಂಥ ಕಲ್ಲು ಹೊಗೆ ಶುದ್ಧಮಾಡುತ್ತಲೇ ಸದ್ದಿನ ಚೂಪನ್ನೂ ಒಂದಿಷ್ಟು ಮುರಿಯುತ್ತದೆ. ಆಮೇಲೆ ಎಂಜಿನ್ನಿನ ಅಲುಗಾಟ ಹಿಂದಕ್ಕೆ ಹೋಗದಂತೆ ತಡೆಯುವ ಬಳುಕು ಪೈಪು, ಅಂದರೆ ಫ್ಲೆಕ್ಸ್. ಕಾರಿನ ಹೊಟ್ಟೆಯಡಿ ನಡುವೆ ಒಂದು ಸಣ್ಣ ಡಬ್ಬಿ, ರೆಸೊನೇಟರ್. ಕೊನೆಗೆ ಹಿಂದಿನ ದೊಡ್ಡ ಡಬ್ಬಿ. ಅದರೊಳಗೆ ತಗಡಿನ ಅಡ್ಡಗೋಡೆಗಳು, ಕೋಣೆಗಳು, ತೂತು ಪೈಪುಗಳು. ಸದ್ದಿನ ಅಲೆ ಗೋಡೆಗೆ ಬಡಿದು ಹಿಂದಿರುಗಿ ಮುಂದೆ ಬರುವ ಅಲೆಯನ್ನೇ ಕೊಲ್ಲುವಂತೆ ಆ ಕೋಣೆಗಳ ಅಳತೆ ಹಾಕಿರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಕೆಲಸ. ನಡುವಿನ ಡಬ್ಬಿ ಹೋದರೆ ಅದರ ಕೆಲಸವನ್ನು ಹಿಂದಿನದು ಮಾಡುವುದಿಲ್ಲ.

ಈ ಮಾತು ಮರೆತಾಗ ಹುಟ್ಟುವ ಮೊದಲ ಕೆಟ್ಟ ಸದ್ದು ತಗಡು ಹರಿದಂಥದ್ದು. ಎಂಜಿನ್ 2500ರಿಂದ 4000 ಆರ್‌ಪಿಎಂಗೆ ಏರುವಾಗ ಗರಗರ ಎಂದು ಕೇಳುವ, ಹಿತ್ತಾಳೆ ಪಾತ್ರೆಯೊಳಗೆ ಕಾಳು ಅಲ್ಲಾಡಿಸಿದಂಥ ಸದ್ದು. ಉದ್ದ ನೇರ ಪೈಪಿನಲ್ಲಿ ಒತ್ತಡದ ಅಲೆ ಸಾಗುತ್ತ ಸಾಗುತ್ತ ಅದರ ಮುಂಬದಿ ಕಡಿದಾಗುತ್ತದೆ, ಚೂಪು ಸ್ವರಗಳು ಹುಟ್ಟುತ್ತವೆ. ಅವನ್ನು ನಡುದಾರಿಯಲ್ಲೇ ಹೀರಬೇಕಾದ ರೆಸೊನೇಟರ್ ಕತ್ತರಿಸಿ ಎಸೆದಿರುತ್ತಾರೆ. ಪೈಪಿನ ಗೋಡೆ ತೆಳುವಾಗಿದ್ದರೆ ಪೈಪೇ ಕಂಪಿಸಿ ಇನ್ನಷ್ಟು ಸೇರಿಸುತ್ತದೆ. ಇದಕ್ಕೆ ಮದ್ದು ಸುಲಭ: ಕಾರಿನ ಹೊಟ್ಟೆಯಡಿ ಮತ್ತೆ 12ರಿಂದ 18 ಇಂಚು ಉದ್ದದ, ಪ್ಯಾಕಿಂಗ್ ಇರುವ ರೆಸೊನೇಟರ್ ಕೂರಿಸುವುದು. ಒಳಗಿನ ತೂತು ಪೈಪಿನ ವ್ಯಾಸ ಮುಖ್ಯ ಪೈಪಿನಷ್ಟೇ ಇರಲಿ. ಸುಮಾರು 3 ಮಿ.ಮೀ. ತೂತುಗಳಿದ್ದು, ಎಲ್ಲ ಸೇರಿ ಪೈಪಿನ ಮೈಯ ಕಾಲು ಭಾಗವಾದರೂ ತೆರೆದಿರಲಿ.

ಪ್ಯಾಕಿಂಗಿನ ವಿಷಯದಲ್ಲಿ ಆಗುವ ಮೋಸ ಹೇಳಿ ಮುಗಿಯದು. ಫ್ರೀ ಫ್ಲೋ ಎಂದು ಮಾರುವ ಸೈಲೆನ್ಸರುಗಳಲ್ಲಿ ಕೋಣೆಗಳಿಲ್ಲ. ತೂತು ಪೈಪಿನ ಸುತ್ತ ಗಾಜಿನ ನಾರು ಸುತ್ತಿ ಹೊರಗೊಂದು ಡಬ್ಬಿ ಹೊದಿಸಿರುತ್ತಾರೆ, ಅಷ್ಟೆ. ಸದ್ದು ನಾರಿನೊಳಗೆ ನುಗ್ಗಿ ಶಾಖವಾಗಿ ಕರಗುತ್ತದೆ. ಆ ನಾರು ಉದ್ದ ಎಳೆಯ ಇ-ಗ್ಲಾಸ್ ಎಂಬ ಗಾಜಿನದು ಅಥವಾ ಬಸಾಲ್ಟ್ ಕಲ್ಲಿನದು ಆಗಿರಬೇಕು, ಡಬ್ಬಿಯ ಒಂದು ಲೀಟರ್ ಜಾಗಕ್ಕೆ 100ರಿಂದ 150 ಗ್ರಾಂ ತುಂಬಬೇಕು. ಕಡಿಮೆಯಾದರೆ ನಾರು ಒಂದು ಮೂಲೆಗೆ ಕುಸಿದು ಉಳಿದ ಕಡೆ ಬರೀ ಡಬ್ಬಿ ಮೊಳಗುತ್ತದೆ. ಅತಿಯಾಗಿ ತುರುಕಿದರೆ ಸದ್ದು ಒಳಗೆ ನುಗ್ಗದೆ ಮೇಲಿಂದಲೇ ಜಾರುತ್ತದೆ. ತೂತು ಪೈಪಿನ ಮೇಲೆ ಮೊದಲು ಒಂದು ಸುತ್ತು ಸ್ಟೇನ್‌ಲೆಸ್ ಸ್ಟೀಲ್ ನಾರು ಸುತ್ತಿ, ಅದರ ಮೇಲೆ ಗಾಜಿನ ನಾರು ಸುತ್ತಿದರೆ ಹೊಗೆಯ ರಭಸಕ್ಕೆ ಎಳೆ ಕಿತ್ತು ಹೋಗದು. ಅಗ್ಗದ ಸೈಲೆನ್ಸರಿನಲ್ಲಿ ಚಾವಣಿಗೆ ಹಾಕುವ ರಾಕ್‌ವುಲ್ ಇರುತ್ತದೆ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಬಿಸಿಗೆ ಸುಟ್ಟುಹೋಗಿ, ಎಳೆಗಳು ಪುಡಿಯಾಗಿ ಹೊಗೆಯೊಂದಿಗೆ ಹಾರಿಹೋಗುತ್ತವೆ. ‘ಹೊಸದರಲ್ಲಿ ಚೆನ್ನಾಗಿತ್ತು, ಬರಬರುತ್ತ ಜೋರಾಯಿತು’ ಎನ್ನುವ ಮಾಲೀಕರ ಸೈಲೆನ್ಸರ್ ಬಿಚ್ಚಿದರೆ ಒಳಗೆ ಸಿಗುವುದು ಒಂದು ಹಿಡಿ ಕಪ್ಪು ಪುಡಿ. ಪಾತ್ರೆ ಉಜ್ಜುವ ಸ್ಟೀಲ್ ಜುಂಗು ತುರುಕಿ ಕೊಟ್ಟ ಪುಣ್ಯಾತ್ಮರೂ ನಮ್ಮ ಕಸುಬಿನಲ್ಲಿ ಇದ್ದಾರೆ. ಒಂದು ಮಳೆಗಾಲಕ್ಕೆ ಅದು ತುಕ್ಕಿನ ಮಣ್ಣು.

ಇನ್ನು ಗುಂಯ್‌ಗುಡುವ ಸದ್ದು. ಎಲ್ಲಕ್ಕಿಂತ ಹಟಮಾರಿ ಇದು, ಅರ್ಥವಾಗಿರುವುದು ಎಲ್ಲಕ್ಕಿಂತ ಕಡಿಮೆ. ನಾರು ಹೀರುವುದು ಚೂಪು ಸ್ವರಗಳನ್ನು ಮಾತ್ರ. 100 ಹರ್ಟ್ಸ್‌ಗಿಂತ (ಸೆಕೆಂಡಿಗೆ 100 ಕಂಪನ) ಕೆಳಗಿನ ದಪ್ಪ ಸ್ವರದ ಅಲೆ ಬಿಸಿ ಹೊಗೆಯಲ್ಲಿ ನಾಲ್ಕೈದು ಮೀಟರಿಗೂ ಹೆಚ್ಚು ಉದ್ದ ಇರುತ್ತದೆ, ಎರಡು ಇಂಚು ದಪ್ಪದ ನಾರು ಅದಕ್ಕೆ ಲೆಕ್ಕಕ್ಕಿಲ್ಲ. ಆ ದಪ್ಪ ಸ್ವರವನ್ನು ತಡೆಯುವುದೇ ಕಂಪನಿಯ ಡಬ್ಬಿಯ ಕೋಣೆಗಳ ಕೆಲಸವಾಗಿತ್ತು. ಅವು ಹೋದ ಮೇಲೆ ಆ ಸ್ವರ ತಡೆಯಿಲ್ಲದೆ ಹೊರಬರುತ್ತದೆ. ಸಣ್ಣ ಕಾರಿನ ಒಳಗಾಳಿಯೂ ಉದ್ದಕ್ಕೆ ಎರಡು ಮೀಟರ್ ಚಿಲ್ಲರೆ, ಸುಮಾರು 70ರಿಂದ 90 ಹರ್ಟ್ಸ್‌ಗೆ ತಾನೇ ದನಿಗೂಡಿಸುತ್ತದೆ. ಎರಡೂ ಕೂಡಿದ ಆರ್‌ಪಿಎಂನಲ್ಲಿ ಒಳಗಿರುವವರ ತಲೆ ಭಾರವಾಗುತ್ತದೆ, ರಸ್ತೆ ಬದಿಯ ಮನೆಗಳ ಕಿಟಕಿ ಗಾಜು ಝೇಂಕರಿಸುತ್ತದೆ. ಡಬ್ಬಿ ಬದಲಿಸಿ, ಇನ್ನೂ ದುಬಾರಿಯದು ಹಾಕಿಸಿ ನೋಡುವವರು ಸಿಕ್ಕಾಪಟ್ಟೆ ದುಡ್ಡು ಸುರಿಯುತ್ತಾರೆ, ಗುಂಯ್ ಮಾತ್ರ ಹೋಗುವುದಿಲ್ಲ.

ಹೋಗುವ ದಾರಿ ಇದೆ. ಹಿಂದಿನ ಡಬ್ಬಿಗೆ ಮುಂಚೆ, ಮುಖ್ಯ ಪೈಪಿಗೆ ಒಂದು ಕವಲು ಪೈಪು ವೆಲ್ಡ್ ಮಾಡಿ ಅದರ ತುದಿ ಮುಚ್ಚಬೇಕು. ಅದರೊಳಗೆ ಹೋದ ಅಲೆ ಮುಚ್ಚಿದ ತುದಿಗೆ ಬಡಿದು ವಾಪಸು ಬರುವಾಗ ಸರಿಯಾಗಿ ತಿರುಗುಮುರುಗಾಗಿ, ಮುಖ್ಯ ಪೈಪಿನ ಅಲೆಯನ್ನು ಕೊಲ್ಲುತ್ತದೆ. ಹಾಗಾಗಬೇಕಾದರೆ ಕವಲಿನ ಉದ್ದ ಅಲೆಯ ಉದ್ದದ ಕಾಲು ಭಾಗ ಇರಬೇಕು. ಲೆಕ್ಕ ಹೀಗೆ: ಗುಂಯ್ ಜೋರಾಗುವ ಆರ್‌ಪಿಎಂ ಮೀಟರಿನಲ್ಲಿ ನೋಡಿಕೊಳ್ಳಿ, 2700 ಎನ್ನಿ. ನಾಲ್ಕು ಸಿಲಿಂಡರಾದರೆ 30ರಿಂದ ಭಾಗಿಸಿ, 90 ಹರ್ಟ್ಸ್. ಕವಲಿನೊಳಗಿನ ಹೊಗೆ ಮುಖ್ಯ ಪೈಪಿನದಕ್ಕಿಂತ ತಂಪು. ಅದರಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 450 ಮೀಟರ್ ಹಿಡಿಯಬಹುದು. 450ನ್ನು 90ರ ನಾಲ್ಕರಷ್ಟರಿಂದ, ಅಂದರೆ 360ರಿಂದ ಭಾಗಿಸಿದರೆ 1.25 ಮೀಟರ್. ಮೊದಲಿಗೆ 1.35 ಮೀಟರ್ ಇಟ್ಟು, ತುದಿಗೆ ಕ್ಲಾಂಪಿನ ಮುಚ್ಚಳ ಹಾಕಿ ಓಡಿಸಿ ನೋಡಿ. 10 ಸೆಂ.ಮೀ. ಕತ್ತರಿಸಿದರೆ ಸದ್ದಡಗುವ ಜಾಗ ಸುಮಾರು 200 ಆರ್‌ಪಿಎಂ ಮೇಲೆ ಸರಿಯುತ್ತದೆ. ಸರಿಯಾದ ಜಾಗ ಸಿಕ್ಕ ಮೇಲೆ ಮುಚ್ಚಳ ವೆಲ್ಡ್ ಮಾಡಿ. ಕವಲಿನ ವ್ಯಾಸ ಮುಖ್ಯ ಪೈಪಿನಷ್ಟೇ ಇರಲಿ, ಜಾಗವಿಲ್ಲದಿದ್ದರೆ ಬಾಗಿಸಿ, ನಡುಗೆರೆಯ ಉದ್ದ ತಪ್ಪದಿದ್ದರೆ ಸಾಕು. ನಮ್ಮ ಹವೆಯಲ್ಲಿ ಇನ್ನೊಂದು ಎಚ್ಚರ: ಮುಚ್ಚಿದ ತುದಿ ಸ್ವಲ್ಪ ಎತ್ತರದಲ್ಲಿರಲಿ. ತಗ್ಗಿನಲ್ಲಿದ್ದರೆ ನೀರು ನಿಂತು ಕವಲಿನ ಉದ್ದವೇ ಬದಲಾಗುತ್ತದೆ, ಆಮೇಲೆ ತುಕ್ಕು.

ಮೂರು ಸಿಲಿಂಡರಿನ ಕಾರಿನವರಿಗೆ ಒಂದು ಕಿವಿಮಾತು. ನಿಮ್ಮ ಲೆಕ್ಕದಲ್ಲಿ 30ರ ಬದಲು 40ರಿಂದ ಭಾಗಿಸಬೇಕು. ಅದೇ 2700ಕ್ಕೆ 67.5 ಹರ್ಟ್ಸ್, ಕವಲು 1.67 ಮೀಟರ್. ಸಣ್ಣ ಕಾರಿನ ಅಡಿಯಲ್ಲಿ ಅದಕ್ಕೆ ಜಾಗ ಹುಡುಕುವುದು ಕಷ್ಟ. ಆದ್ದರಿಂದ 1 ಲೀಟರ್, 1.2 ಲೀಟರಿನ ಮೂರು ಸಿಲಿಂಡರ್ ಕಾರಿಗೆ ಫ್ರೀ ಫ್ಲೋ ಹಾಕಿಸಬೇಡಿ ಎನ್ನುವುದೇ ನಮ್ಮ ಸಲಹೆ. ಎಷ್ಟು ದುಬಾರಿಯದು ಹಾಕಿದರೂ ಅದು ಆಟೋರಿಕ್ಷಾದ ದೊಡ್ಡಪ್ಪನಂತೆಯೇ ಕೂಗುವುದು.

ಪೈಪಿನ ದಪ್ಪದ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಬೆಟ್ಟದ ಊರಿನಲ್ಲಿ ಅದರ ಪರಿಣಾಮ ಬೇರೆ. ಸಣ್ಣ ಪೆಟ್ರೋಲ್ ಕಾರಿನ ಕಂಪನಿ ಪೈಪು ಒಂದೂವರೆ ಇಂಚಿನ ಆಸುಪಾಸು. ಅದಕ್ಕೆ ಎರಡೂವರೆ ಇಂಚಿನದು ಹಾಕಿದರೆ ಒಳವಿಸ್ತೀರ್ಣ ಎರಡೂವರೆ ಪಟ್ಟಿಗೂ ಹೆಚ್ಚು, ಹೊಗೆಯ ವೇಗ ಅಷ್ಟೇ ಕಡಿಮೆ. ಒಂದು ಸಿಲಿಂಡರಿನ ಹೊಗೆ ರಭಸದಿಂದ ಹೋಗುತ್ತ ಇನ್ನೊಂದರ ಹೊಗೆಯನ್ನು ಎಳೆದುಕೊಳ್ಳುವ ಗುಣ ಕೆಳ ಆರ್‌ಪಿಎಂನಲ್ಲಿ ಹೋಗಿಬಿಡುತ್ತದೆ, ಎಳೆತ ಸೋಲುತ್ತದೆ. ಬಯಲುಸೀಮೆಯಲ್ಲಿ ಅದು ಅಷ್ಟಾಗಿ ಗೊತ್ತಾಗದು. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯಬೇಕಾದ ಗಾಡಿ ಎರಡಕ್ಕೆ ಇಳಿಯುತ್ತದೆ, ಆರ್‌ಪಿಎಂ ಏರುತ್ತದೆ, ಸದ್ದು ಇಮ್ಮಡಿಯಾಗುತ್ತದೆ. ಶಕ್ತಿಗೆಂದು ಹಾಕಿಸಿದ ಪೈಪು ಏರಿನಲ್ಲಿ ಶಕ್ತಿ ಕಳೆದು ಬರೀ ಕೂಗು ಉಳಿಸುತ್ತದೆ.

ಇಳಿಜಾರಿನ ಕಥೆ ಇದಕ್ಕಿಂತ ಕೆಟ್ಟದ್ದು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಪಟಪಟ ಸಿಡಿಯುವ ಸದ್ದಿಗೆ ಎರಡು ಕಾರಣ. ಒಂದು, ಪೈಪಿನ ಜೋಡಣೆಯಲ್ಲಿ ಸೋರಿಕೆ ಇದ್ದು ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಸುಡದೆ ಉಳಿದ ಪೆಟ್ರೋಲ್ ಬಿಸಿ ಪೈಪಿನಲ್ಲೇ ಹೊತ್ತಿಕೊಳ್ಳುವುದು. ಇದು ರೋಗ, ಗ್ಯಾಸ್ಕೆಟ್ ಬದಲಿಸಿದರೆ ಹೋಗುತ್ತದೆ. ಎರಡನೆಯದು ಬೇಕೆಂದೇ ಮಾಡಿಸುವುದು. ಕಾಲು ತೆಗೆದಾಗ ಎಂಜಿನ್ನನ್ನು ನಡೆಸುವ ಕಂಪನಿಯ ಕಂಪ್ಯೂಟರ್, ಅಂದರೆ ಇಸಿಯು, ಇಂಧನ ನಿಲ್ಲಿಸುತ್ತದೆ. ರೀಮ್ಯಾಪ್ ಮಾಡುವವರು, ಅಂದರೆ ಇಸಿಯುವಿನ ಲೆಕ್ಕ ತಿದ್ದುವವರು, ಅದನ್ನು ನಿಲ್ಲಿಸದಂತೆ ಮಾಡಿ, ಕಿಡಿಯನ್ನು ತಡವಾಗಿ ಕೊಡುತ್ತಾರೆ. ಉರಿ ಸಿಲಿಂಡರಿನಿಂದ ಪೈಪಿಗೆ ಬರುತ್ತದೆ. ಬಯಲಿನ ಊರಿನಲ್ಲಿ ಸಿಗ್ನಲ್ ಬಂದಾಗ ಎರಡು ಸೆಕೆಂಡು ಸಿಡಿದು ಮುಗಿಯುತ್ತದೆ. ಇಲ್ಲಿ ಮಡಿಕೇರಿಯಿಂದ ಸಂಪಾಜೆಗೋ ಪೆರುಂಬಾಡಿಯಿಂದ ಮಾಕುಟ್ಟಕ್ಕೋ ಎಂಜಿನ್ ಬ್ರೇಕಿನಲ್ಲಿ ಇಳಿಯುವಾಗ ತಿರುವು ತಿರುವಿಗೂ ಸಿಡಿತ. ಅಷ್ಟು ಹೊತ್ತು ಪೈಪಿನಲ್ಲಿ ಉರಿ ಇದ್ದರೆ ಕ್ಯಾಟಲಿಟಿಕ್ ಕನ್ವರ್ಟರಿನ ಕಲ್ಲು ಕರಗಿ ಒಡೆಯುತ್ತದೆ. ಅದರ ತುಂಡುಗಳು ಹಿಂದಿನ ಡಬ್ಬಿಗೆ ಸೇರಿ ಗಿಲಕಿಯಂತೆ ಆಡುತ್ತವೆ, ಇಲ್ಲವೆ ದಾರಿ ಮುಚ್ಚಿ ಎಂಜಿನ್ನನ್ನೇ ಉಸಿರುಗಟ್ಟಿಸುತ್ತವೆ. ಕೋವಿಯ ಸದ್ದು ಯಾವುದು, ಸೈಲೆನ್ಸರಿನದು ಯಾವುದು ಎಂದು ತಿಳಿಯುವ ಕಿವಿ ಈ ಜಿಲ್ಲೆಯ ಜನರಿಗಿದೆ. ಆದರೆ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಮಲಗಿರುವ ಮಗುವಿಗೂ ಕೊಟ್ಟಿಗೆಯ ಹಸುವಿಗೂ ಇರಬೇಕಲ್ಲ. ಬೇಕೆಂದೇ ಸಿಡಿಸುವ ರೀಮ್ಯಾಪಿನ ಮೇಲೆ ನಾವು ಕನಿಕರ ಕೇಳುವುದಿಲ್ಲ.

ಸೋರಿಕೆಯನ್ನು ಮಾತ್ರ ಬೇರೆ ಕಣ್ಣಿನಿಂದ ನೋಡಬೇಕು. ಬೆಳಿಗ್ಗೆ ಚಾಲು ಮಾಡಿದಾಗ ಎಂಜಿನ್ ಕಡೆಯಿಂದ ಟಿಕ್ ಟಿಕ್ ಎಂದು ಶುರುವಾಗಿ, ಬಿಸಿಯಾದ ಮೇಲೆ ತಾನೇ ಅಡಗಿದರೆ ಅದು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟು, ಇಲ್ಲವೆ ಮುರಿದ ಸ್ಟಡ್ಡು. ಲೋಹ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಮಧ್ಯಾಹ್ನ ಗ್ಯಾರೇಜಿಗೆ ತಂದಾಗ ‘ಏನೂ ಇಲ್ಲವಲ್ಲ’ ಎನ್ನಿಸುತ್ತದೆ. ಗಾಡಿಯನ್ನು ರಾತ್ರಿಯೇ ಬಿಟ್ಟು ಹೋಗಲಿ, ಬೆಳಿಗ್ಗೆ ತಣ್ಣಗಿದ್ದಾಗ ನೋಡಬೇಕು. ಕೈಗವಸು ಹಾಕಿ, ದಪ್ಪ ಒದ್ದೆ ಬಟ್ಟೆಯಿಂದ ಹಿಂದಿನ ಪೈಪಿನ ಬಾಯನ್ನು ಒಂದೆರಡು ಸೆಕೆಂಡು ಒತ್ತಿ ಹಿಡಿದರೆ ಸೋರುವ ಜಾಗ ಉಸ್ಸೆನ್ನುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿಯ ಗೆರೆ ಇದ್ದರೆ ಅದೇ ಸಾಕ್ಷಿ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬಾರದು. ಫ್ಲಾಂಜಿನ, ಅಂದರೆ ಬೋಲ್ಟು ಕೂರುವ ಚಪ್ಪಟೆ ಅಂಚಿನ, ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ (ಸಂದಿನ ಅಳತೆಯ ತೆಳು ಪಟ್ಟಿಯಲ್ಲಿ) ಸಂದು ನೋಡಬೇಕು. ಮಿತಿ ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ, ಸಾಮಾನ್ಯವಾಗಿ 0.1 ಮಿ.ಮೀ. ಆಸುಪಾಸು. ಮೀರಿದ್ದರೆ ಮಟ್ಟ ಹೊಡೆಸದೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಎರಡೂ ಬದಿಗೆ, ಎರಡು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದ ಬಿಗಿಯಬೇಕು.

ಮ್ಯಾನಿಫೋಲ್ಡ್ ಏಕೆ ಬಿರಿಯುತ್ತದೆ ಎಂದರೆ ಮಾರ್ಪಾಡಿನ ವೇಳೆ ಫ್ಲೆಕ್ಸ್ ಪೈಪನ್ನು ಕಿತ್ತು ನೇರ ಪೈಪು ಬೆಸೆದಿರುತ್ತಾರೆ, ರಬ್ಬರ್ ಹ್ಯಾಂಗರಿನ ಬದಲು ಕಂಬಿಯನ್ನೇ ಚಾಸಿಗೆ ವೆಲ್ಡ್ ಮಾಡಿರುತ್ತಾರೆ. ಎಂಜಿನ್ ತನ್ನ ಮೌಂಟಿನ ಮೇಲೆ ತೂಗಾಡುತ್ತದೆ, ಪೈಪು ಬಗ್ಗುವುದಿಲ್ಲ. ಬಲವೆಲ್ಲ ಮ್ಯಾನಿಫೋಲ್ಡಿನ ಕುತ್ತಿಗೆಗೆ ಬೀಳುತ್ತದೆ. ಇದರ ಮೇಲೆ ತೋಟದ ರಸ್ತೆಯ ಕಲ್ಲಿಗೆ ಪೈಪು ತಾಗಿತೋ, ಬಿರುಕು ಖಂಡಿತ. ಬಿರುಕು ಆಕ್ಸಿಜನ್ ಸೆನ್ಸರಿಗಿಂತ ಮುಂದೆ ಇದ್ದರೆ ಹೊರಗಾಳಿ ಸೇರಿ ಇಂಧನ ಸಾಲದು ಎಂದು ಇಸಿಯು ತಪ್ಪು ತಿಳಿಯುತ್ತದೆ, ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಮೈಲೇಜು ಇಳಿಯುತ್ತದೆ, ಸಿಡಿತ ಏರುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಕಾರ್ಬನ್ ಮಾನಾಕ್ಸೈಡ್. ಮಳೆಗಾಲದಲ್ಲಿ ಕಿಟಕಿ ಏರಿಸಿ ಓಡಿಸುವಾಗ ಮುಂದಿನ ಸೋರಿಕೆಯ ಹೊಗೆ ಒಳಗೆ ಬರಬಹುದು. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಘಾಟಿ ಇಳಿಯುವಾಗ ಎಲ್ಲರಿಗೂ ತಲೆನೋವು ಬಂದರೆ ತಿರುವುಗಳನ್ನಷ್ಟೇ ದೂರಬೇಡಿ.

ಬರೀ ತಗಡು ಗಲಗಲ ಎನ್ನುವ ಸದ್ದಿಗೆ ಹೆಚ್ಚು ಹೇಳುವಂಥದ್ದಿಲ್ಲ. ಗಾಡಿ ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ಪೈಪಿನುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಿ. ಹೀಟ್ ಶೀಲ್ಡಿನ ಬೋಲ್ಟು, ಜೋತುಬಿದ್ದ ಹ್ಯಾಂಗರ್, ಒಳಗೆ ಕಳಚಿದ ಅಡ್ಡಗೋಡೆ, ಹೊಗೆಯನ್ನು ಡಬ್ಬಿ ತಪ್ಪಿಸಿ ಹೊರಬಿಡಲು ರಿಮೋಟಿನಿಂದ ತೆರೆದು ಮುಚ್ಚುವ ಕಟ್‌ಔಟ್ ವಾಲ್ವಿನ ಸಡಿಲ ರೆಕ್ಕೆ, ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಕಟ್‌ಔಟ್ ಇದ್ದರೆ ಮಾತ್ರ ಅದು ದುರಸ್ತಿಯ ಮಾತಲ್ಲ. ಪೊಲೀಸರು ಕಂಡಾಗ ಮುಚ್ಚಿ, ದಾಟಿದ ಮೇಲೆ ತೆರೆಯಲೆಂದೇ ಹಾಕಿಸಿದ್ದು.

ಕೊಡಗಿನ ಮಳೆಯ ಲೆಕ್ಕ ಬೇರೆ ಇದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಪೈಪಿಗೆ ಬರುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಎರಡು ಕಿಲೋಮೀಟರ್ ಓಡುವ ಗಾಡಿಯ ಪೈಪು ಬಿಸಿಯೇರುವುದಿಲ್ಲ, ಆ ನೀರು ಡಬ್ಬಿಯ ತಳದಲ್ಲೇ ನಿಲ್ಲುತ್ತದೆ. ಹೊರಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗದ ತೇವ. ಕಂಪನಿಯ ಎಷ್ಟೋ ಡಬ್ಬಿಗಳ ತಳದಲ್ಲಿ ನೀರಿಳಿಯಲೆಂದೇ ಒಂದು ಸಣ್ಣ ತೂತು ಇರುತ್ತದೆ. ಅದನ್ನು ಸೋರಿಕೆ ಎಂದು ತಿಳಿದು ವೆಲ್ಡ್ ಮಾಡಿ ಮುಚ್ಚುವ ಜಾಣರಿದ್ದಾರೆ. ಹೊಸದಾಗಿ ಮಾಡಿಸುವವರು ತೀರ ತಗ್ಗಿನ ಜಾಗದಲ್ಲಿ 3 ಮಿ.ಮೀ. ತೂತು ಕೇಳಿ ಹಾಕಿಸಿಕೊಳ್ಳಿ. ಕಬ್ಬಿಣದ ಸಾದಾ ಪೈಪು ಇಲ್ಲಿ ಬಾಳುವುದಿಲ್ಲ. 409 ದರ್ಜೆಯ ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ ಲೇಪದ ಉಕ್ಕು ಬೇಕು, ದುಡ್ಡಿದ್ದರೆ 304. ವೆಲ್ಡ್ ಮಾಡುವಾಗ ಒಳಬದಿಗೆ ಉಂಡೆ ಕಟ್ಟಿದರೆ ಹೊಗೆ ಅದಕ್ಕೆ ತಾಗಿ ಶಿಳ್ಳೆ ಹೊಡೆಯುತ್ತದೆ. ಪೈಪನ್ನು ಹಿಸುಕಿ ಬಾಗಿಸಿದ ಬೆಂಡಿನಲ್ಲೂ ಅದೇ ಬುಸುಗುಡುವ ಸದ್ದು.

ಡೀಸೆಲ್ ಗಾಡಿಗಳ ಬಗ್ಗೆ ಎರಡೇ ಮಾತು. ಟರ್ಬೊದ ಚಕ್ರವೇ ಹೊಡೆತವನ್ನು ಅರ್ಧ ಮುರಿಯುವುದರಿಂದ ಅವು ಪೆಟ್ರೋಲಿನಷ್ಟು ಕೂಗುವುದಿಲ್ಲ. ಆದರೆ 2020ರ ಏಪ್ರಿಲ್ ನಂತರದ, ಹೊಸ ಹೊಗೆ ನಿಯಮದ ಬಿಎಸ್-6 ಡೀಸೆಲ್‌ಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಕಿತ್ತುಹಾಕಿದರೆ ಸದ್ದಿನೊಂದಿಗೆ ಕಪ್ಪು ಹೊಗೆಯೂ ಬರುತ್ತದೆ. ಅಂಥ ಗಾಡಿಯನ್ನು ಹಿಡಿಯಲು ಡೆಸಿಬೆಲ್ ಮೀಟರ್ ಬೇಡ, ಹಿಂದಿನ ಪೈಪಿನೊಳಗೆ ಬೆರಳಾಡಿಸಿ ನೋಡಿದರೆ ಸಾಕು.

ಮೀಟರಿನ ಮಾತು ಬಂದಿದ್ದರಿಂದ, ಅಧಿಕಾರಿಗಳು ದಯವಿಟ್ಟು ಇದನ್ನು ಗಮನವಿಟ್ಟು ಓದಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಾರಿಗಿರುವ 74 ಡೆಸಿಬೆಲ್ ಎಂಬುದು ಓಡುವ ಗಾಡಿಯಿಂದ 7.5 ಮೀಟರ್ ದೂರದಲ್ಲಿ ಅಳೆಯುವ ಮಿತಿ. ಗಾಡಿ ಹೊಸದಾಗಿ ಮಂಜೂರಾಗುವಾಗ ಪರೀಕ್ಷಾ ಮೈದಾನದಲ್ಲಿ ನೋಡುವಂಥದ್ದು. ಮೊಬೈಲಿನ ಆ್ಯಪ್ ಅನ್ನು ಪೈಪಿನ ಬಾಯಿಗೆ ಹಿಡಿದು 90 ಬಂತು, ಮಿತಿ ಮೀರಿತು ಎಂದರೆ ಅದು ತಪ್ಪು ಲೆಕ್ಕ. ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರಿನಿಂದ ಒಂದು, ಎರಡು, ನಾಲ್ಕು, ಎಂಟು ಮೀಟರಿಗೆ ಹೋಗುವಷ್ಟರಲ್ಲಿ 24 ಇಳಿದಿರುತ್ತದೆ. ಕಂಪನಿಯ ಸೈಲೆನ್ಸರ್ ಇರುವ ಗಾಡಿಯೂ ಬಾಯಿಯ ಹತ್ತಿರ 74 ದಾಟಬಲ್ಲದು.

ನಿಂತ ಗಾಡಿಯನ್ನು ಅಳೆಯುವ ಕ್ರಮವೇ ಬೇರೆ. ಮೈಕನ್ನು ಪೈಪಿನ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಾಗಿ, ಬಾಯಿಯಷ್ಟೇ ಎತ್ತರದಲ್ಲಿ, ಆದರೆ ನೆಲದಿಂದ 20 ಸೆಂ.ಮೀ.ಗೆ ಕಡಿಮೆಯಾಗದಂತೆ ಇಡಬೇಕು. ಗರಿಷ್ಠ ಶಕ್ತಿಯ ಆರ್‌ಪಿಎಂನ ಮುಕ್ಕಾಲು ಭಾಗದಲ್ಲಿ ಎಂಜಿನ್ ಸ್ಥಿರವಾಗಿ ಹಿಡಿದು, ಥಟ್ಟನೆ ಕಾಲು ಬಿಡಬೇಕು; 6000ದಲ್ಲಿ ಶಕ್ತಿ ಕೊಡುವ ಪೆಟ್ರೋಲ್ ಎಂಜಿನ್ನಿಗೆ 4500, 4000ದ ಡೀಸೆಲ್ಲಿಗೆ 3000. ಸುತ್ತ 3 ಮೀಟರಿನೊಳಗೆ ಗೋಡೆ, ಬೇರೆ ಗಾಡಿ ಇರಬಾರದು. ಹಿನ್ನೆಲೆಯ ಸದ್ದು ಅಳೆಯುವ ಸದ್ದಿಗಿಂತ ಕನಿಷ್ಠ 10 ಡೆಸಿಬೆಲ್ ಕಡಿಮೆ ಇರಬೇಕು. ನಮ್ಮ ರಸ್ತೆಗಳಲ್ಲಿ ಒಂದು ಬದಿ ಬೆಟ್ಟ ಕಡಿದ ಬರೆ, ಇನ್ನೊಂದು ಬದಿ ತಡೆಗೋಡೆ. ಬರೆಗೆ ತಾಗಿ ತಿರುಗಿ ಬಂದ ಸದ್ದೂ ಲೆಕ್ಕಕ್ಕೆ ಸೇರಿ ನಿರ್ದೋಷಿ ಸಿಕ್ಕಿಹಾಕಿಕೊಳ್ಳುತ್ತಾನೆ. ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪತ್ರಕ್ಕೆ, ಗಾಡಿ ನೋಡುವಂಥ ಬಯಲು ಜಾಗ ಇದಕ್ಕೆ ಸರಿ.

ಅಷ್ಟಾದರೂ ಮೀಟರ್ ಒಂದನ್ನೇ ನಂಬಬೇಡಿ. ಎ-ಡೆಸಿಬೆಲ್ ಎಂಬ ಅಳತೆ ಮನುಷ್ಯನ ಕಿವಿಗೆ ತಕ್ಕಂತೆ ದಪ್ಪ ಸ್ವರಗಳನ್ನು ಕಡಿಮೆ ಮಾಡಿ ತೋರಿಸುತ್ತದೆ: 100 ಹರ್ಟ್ಸ್‌ನಲ್ಲಿ 19, 63 ಹರ್ಟ್ಸ್‌ನಲ್ಲಿ 26 ಕಳೆಯುತ್ತದೆ. ಹಾಗಾಗಿ ಮೇಲೆ ಹೇಳಿದ ಗುಂಯ್ ಸದ್ದಿನ ಕಾರು ಮೀಟರಿನಲ್ಲಿ ಪಾಸಾಗಿ, ಮನೆಗಳ ಗಾಜು ನಡುಗಿಸುತ್ತ ಹೋಗಬಲ್ಲದು. ಮೀಟರಿನಲ್ಲಿ ಸಿ ಎಂಬ ಇನ್ನೊಂದು ಅಳತೆ ಇದ್ದರೆ ಎರಡನ್ನೂ ಬರೆದುಕೊಳ್ಳಿ; ಎ-ಗಿಂತ ಸಿ ತೀರ ಹೆಚ್ಚಿದ್ದರೆ ದಪ್ಪ ಸ್ವರ ಕಟ್ಟೊಡೆದಿದೆ ಎಂದರ್ಥ. ಆಮೇಲೆ ಟಾರ್ಚ್ ಹಿಡಿದು ಅಡಿಗೆ ಬಗ್ಗಿ. ಹೊಸ ವೆಲ್ಡಿನ ಗೆರೆ, ರೆಸೊನೇಟರ್ ಇರಬೇಕಾದಲ್ಲಿ ನೇರ ಪೈಪು, ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ಇರಬೇಕಾದಲ್ಲಿ ಬರೀ ಕೊಳವೆ, ಕಟ್‌ಔಟಿನ ವೈರು: ಇವು ಸುಳ್ಳು ಹೇಳುವುದಿಲ್ಲ.

ಕಾನೂನಿನಲ್ಲಿ ಬಲ ಸಾಕಷ್ಟಿದೆ. 1988ರ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಶಬ್ದದ ಮಿತಿ ಮೀರಿದರೆ ಮೊದಲ ಬಾರಿಗೆ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹತೆ. 2019ರ ತಿದ್ದುಪಡಿಯಲ್ಲಿ ಬಂದ 182ಎ(4)ರ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ. ಈ ಬಲವನ್ನು ಎಲ್ಲರ ಮೇಲೂ ಒಂದೇ ತೂಕದಲ್ಲಿ ಹಾಕಬೇಡಿ ಎಂದಷ್ಟೇ ಕೇಳುತ್ತಿದ್ದೇವೆ. ಕೆಲಸದಾಳುಗಳನ್ನು ತೋಟಕ್ಕೆ ಕರೆದೊಯ್ಯುವ ಹಳೇ ಜೀಪಿನ ಸೈಲೆನ್ಸರ್ ತುಕ್ಕು ತಿಂದು ಕೂಗುತ್ತಿದ್ದರೆ ಅದು ದುರಸ್ತಿಯ ಪ್ರಶ್ನೆ. ಏಳು ದಿನದ ನೋಟಿಸು ಕೊಡಿ, ಸರಿಮಾಡಿಸಿ ತಂದು ತೋರಿಸಲಿ. ಕಂಪನಿಯ ಡಬ್ಬಿ ಬಿಚ್ಚಿ ಫ್ರೀ ಫ್ಲೋ ಹಾಕಿಸಿದವನಿಗೆ ದಂಡ ಹಾಕಿ, ಹಳೇ ಸೈಲೆನ್ಸರ್ ಮತ್ತೆ ಕೂರಿಸಿ ತರುವ ತನಕ ಬದಲಿಸಿದ್ದನ್ನು ಕಿತ್ತುಕೊಳ್ಳಬೇಡಿ; ಕಿತ್ತುಕೊಂಡರೆ ಬರೀ ಪೈಪಿನಲ್ಲಿ ಓಡಿಸುವುದಕ್ಕೆ ನೀವೇ ಕಾರಣರಾಗುತ್ತೀರಿ. ಕೂರಿಸಿ ತಂದ ದಿನ ಫ್ರೀ ಫ್ಲೋ ಡಬ್ಬಿಯನ್ನು ಒಪ್ಪಿಸಿಕೊಂಡು, ಬೇಕಾದರೆ ಆಗ ರೋಲರ್ ಹಾಯಿಸಿ. ಕಟ್‌ಔಟ್, ಸಿಡಿಸುವ ರೀಮ್ಯಾಪ್, ಕಿತ್ತ ಕ್ಯಾಟು, ಈ ಮೂರಕ್ಕೆ ಮೊದಲ ಸಲವೇ ಪೂರ್ತಿ ಬಲ ತೋರಿಸಿ.

ನಮ್ಮ ಕಸುಬಿನವರೂ ಇದರಲ್ಲಿ ಪಾಲುದಾರರು. ಪೈಪು ಕತ್ತರಿಸಿದ ಗ್ಯಾರೇಜು ಬಿಲ್ ಕೊಡುವುದಿಲ್ಲ, ಕೊಟ್ಟರೂ ‘ಸೈಲೆನ್ಸರ್ ಕೆಲಸ’ ಎಂದು ಬರೆದು ಬಿಡುತ್ತದೆ. ಬಿಚ್ಚಿದ್ದು ಯಾವ ಭಾಗ, ಹಾಕಿದ್ದು ಯಾವುದು, ಒಳವ್ಯಾಸ ಎಷ್ಟು ಎಂದು ಬಿಲ್ಲಿನಲ್ಲಿ ಬರೆಯುವುದನ್ನು ಜಿಲ್ಲೆಯಲ್ಲಿ ಕಡ್ಡಾಯ ಮಾಡಿ. ಮಾಲೀಕರು ಕಂಪನಿಯ ಡಬ್ಬಿಯನ್ನು ಗುಜರಿಗೆ ಹಾಕಬೇಡಿ, ಒಳಗೆ ನೀರಿಲ್ಲದಂತೆ ಬಾಯಿ ಕೆಳಗೆ ಮಾಡಿ ಅಟ್ಟದ ಮೇಲಿಡಿ. ಮತ್ತೆ ಕೂರಿಸುವಾಗ ಗ್ಯಾಸ್ಕೆಟ್ಟೂ ಹ್ಯಾಂಗರ್ ರಬ್ಬರೂ ಹೊಸದಿರಲಿ.

ಕೊನೆಯದಾಗಿ ಜಾಗ ಮತ್ತು ಹೊತ್ತಿನ ವಿಚಾರ. ವಾರಾಂತ್ಯದಲ್ಲಿ ಕೂಗುವ ಗಾಡಿಗಳು ಬಹುಪಾಲು ಹೊರಗಿನಿಂದ ಬರುವಂಥವು. ಅವನ್ನು ಮಡಿಕೇರಿಯ ಇಕ್ಕಟ್ಟಿನಲ್ಲಿ ಹಿಡಿಯುವ ಬದಲು ಕುಶಾಲನಗರ, ಸಂಪಾಜೆ, ಆನೆಚೌಕೂರು, ಕುಟ್ಟ, ಮಾಕುಟ್ಟ, ಕೊಡ್ಲಿಪೇಟೆಯ ಕಡೆಗಳಲ್ಲಿ ಒಳಬರುವಾಗಲೇ ನೋಡುವುದು ಒಳ್ಳೆಯದು. ರಾತ್ರಿ ಹತ್ತರ ನಂತರ ಇನ್ನೂ ಬಿಗಿ ಇರಲಿ: ಕಣಿವೆಯಲ್ಲಿ ತಂಪು ಗಾಳಿ ಕೆಳಗೆ ಕುಳಿತು ಮೇಲಿನದು ಬೆಚ್ಚಗಿರುವಾಗ ಸದ್ದು ಆಕಾಶಕ್ಕೆ ಹೋಗದೆ ನೆಲಕ್ಕೆ ಬಾಗುತ್ತದೆ, ಹಗಲು ಕೇಳದ ದೂರಕ್ಕೂ ಆಗ ಕೇಳುತ್ತದೆ. ಮಡಿಕೇರಿ ದಸರಾದ ದಶಮಂಟಪಗಳ ಮೆರವಣಿಗೆಯ ರಾತ್ರಿಗೆ ಊರು ತುಂಬುವ ಮೊದಲೇ, ಮಳೆ ಬಿಡುವು ಕೊಟ್ಟ ದಿನಗಳಲ್ಲಿ, ಒಂದು ಸಲ ಈ ಕ್ರಮದಲ್ಲಿ ತಪಾಸಣೆ ನಡೆಸಿ ನೋಡಿ. ಯಾವ ಸದ್ದು ಎಲ್ಲಿಂದ ಎಂದು ತೋರಿಸಿಕೊಡಲು ಸುತ್ತಿಗೆ, ಟಾರ್ಚು, ಜ್ಯಾಕು ಹಿಡಿದು ನಾವೂ ಬರುತ್ತೇವೆ.

ಇಂತಿ,
ಕೊಡಗಿನ ಸೈಲೆನ್ಸರ್ ಮತ್ತು ವೆಲ್ಡಿಂಗ್ ಕೆಲಸದವರು